ಉಭಯ ಕುಶಲೋಪರಿ

ನಮ್ಮ ತಂದೆಯವರು ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ನಿವೃತ್ತರಾದಾಗ ಕೈಗೆ ಬಂದ ಹಣದ ದೊಡ್ಡ ಪಾಲನ್ನು ಬ್ಯಾಂಕಿನಲ್ಲಿಟ್ಟು, ಉಳಿದ ಸಣ್ಣ ಪಾಲಿನಿಂದ, ಸ್ನೇಹಿತರೊಬ್ಬರ ಮಾತು ಕೇಳಿ, ಒಂದು ಕಂಪೆನಿಯ ಷೇರುಗಳನ್ನು ಕೊಂಡರು. ಕಂಪೆನಿಯ ಹೆಸರು ಇಲ್ಲಿ ಬೇಡ. ಅದು ಇಂಥದೇ ಎಂದು ಹೇಳಿದರೂ ಹೇಳದಿದ್ದರೂ ನನ್ನ ವಾದಕ್ಕೆ ಏನೂ ಹೆಚ್ಚುಕಡಮೆಯಾಗದು. ವರ್ಷಕ್ಕೊಮ್ಮೆ, ಆಷಾಢ ಕಳೆಯುವ ಹೊತ್ತಿಗೆ, ನುಣುಪು ಕಾಗದದ ಮೇಲೆ ಬಣ್ಣದ ಚಿತ್ರಗಳೊಡನೆ ಅಚ್ಚಾದ ವಾರ್ಷಿಕ ವರದಿಯೊಂದು ಅಂಚೆಯಲ್ಲಿ ಬರುತ್ತಿತ್ತು. ಅದರ ಹಿಂದೆಯೇ ಒಂದಿಷ್ಟು ಲಾಭಾಂಶವೂ ಬರುತ್ತಿತ್ತು. ಅಮ್ಮ ಅದನ್ನು 'ಗೌರಿ ಹಬ್ಬದ ದುಡ್ಡು' ಎಂದು ಕರೆಯುತ್ತಿದ್ದರು.

ತಂದೆಯವರು ವರದಿಯನ್ನು ಓದುತ್ತಿದ್ದ ರೀತಿ ವಿಚಿತ್ರವಾಗಿತ್ತು. ಲೆಕ್ಕದ ಪುಟಗಳ ಗೋಜಿಗೆ ಅವರು ಹೋಗುತ್ತಿರಲಿಲ್ಲ. ಅಧ್ಯಕ್ಷರು ಷೇರುದಾರರಿಗೆ ಬರೆದ ಕಾಗದವನ್ನು ಮಾತ್ರ, ಕೈಯಲ್ಲಿ ಪೆನ್ಸಿಲು ಹಿಡಿದು, ಹುಡುಗರ ಪ್ರಬಂಧ ತಿದ್ದುವ ಗಾಂಭೀರ್ಯದಿಂದ ಓದುವರು. ಆ ಹಳೆಯ ವರದಿಗಳು ಇನ್ನೂ ನಮ್ಮ ಅಟ್ಟದ ಮೇಲಿವೆ. ಅವುಗಳ ಅಂಚಿನಲ್ಲಿ ಅಲ್ಲಲ್ಲಿ ಅವರ ಸಣ್ಣ ಅಕ್ಷರದಲ್ಲಿ ಒಂದೇ ಪ್ರಶ್ನೆ ಕಾಣುತ್ತದೆ: "ಕರ್ತೃ?" ಆಗ ಅದು ನನಗೆ ವ್ಯಾಕರಣದ ಮೇಷ್ಟ್ರ ಚಾಪಲ್ಯವಾಗಿ ಕಂಡಿತ್ತು. ಅದು ಹಣಕಾಸಿನ ಪ್ರಶ್ನೆಯೂ ಹೌದು ಎಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷಗಳು ಬೇಕಾದುವು.

ತಂದೆಯವರು ತೀರಿಕೊಂಡ ಮೇಲೆ ಷೇರುಗಳು ಅಮ್ಮನ ಹೆಸರಿಗೆ ಬಂದುವು. ವರದಿ ಈಗ ಅಂಚೆಯಲ್ಲಿ ಬರುವುದಿಲ್ಲ. ಇ-ಮೇಲಿನಲ್ಲಿ ನನಗೆ ಬರುತ್ತದೆ. ಅಮ್ಮ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವರು; ಆದರೆ ಇಂಗ್ಲಿಷ್ ಬಾರದು. ಕೆಲವು ವರ್ಷಗಳ ಹಿಂದೆ ಒಂದು ಸಂಜೆ, ಹಬ್ಬ ಹತ್ತಿರವಾಗುತ್ತಿದ್ದಾಗ, "ಏನೋ ಬರೆದಿದಾರೆ ಈ ಸಲ?" ಎಂದು ಕೇಳಿದರು. ಎದುರಿಗೆ ಕುಳಿತು ಅಧ್ಯಕ್ಷರ ಕಾಗದವನ್ನು ಕನ್ನಡಕ್ಕೆ ತಿರುಗಿಸಿ ಹೇಳತೊಡಗಿದೆ. ಎರಡು ದಶಕಗಳಿಂದ ಕನ್ನಡ ಪಾಠ ಹೇಳುವವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಮೂರನೆಯ ವಾಕ್ಯಕ್ಕೇ ನಾಲಗೆ ತೊಡರಿತು.

ಸವಾಲಿನ ವಾತಾವರಣದ ನಡುವೆಯೂ ಕಂಪೆನಿಯ ಪಯಣ ಮುಂದುವರಿಯಿತಂತೆ. ಎದುರುಗಾಳಿಗಳು ಬೀಸಿದುವಂತೆ. ಒಂದು ಘಟಕದ ಕಾರ್ಯಾಚರಣೆಯನ್ನು ಮರುಹೊಂದಿಸಲಾಯಿತಂತೆ. ಸಂಪನ್ಮೂಲಗಳನ್ನು ಕಾಪಾಡಿಕೊಳ್ಳುವ ಸಲುವಾಗಿ ಈ ವರ್ಷ ಲಾಭಾಂಶವನ್ನು ಶಿಫಾರಸು ಮಾಡಲಾಗಿಲ್ಲವಂತೆ.

"ಯಾರು ಮಾಡಲಿಲ್ಲ?" ಎಂದರು ಅಮ್ಮ.

"ಅವರೇ ಅಮ್ಮ, ಕಂಪೆನಿಯವರು."

"ಅಂದರೆ ದುಡ್ಡು ಬರೋಲ್ಲ ಅಂತ ತಾನೆ?"

"ಹೌದು."

"ಅಷ್ಟು ಹೇಳೋಕೆ ನಾಲ್ಕು ಪುಟ ಬೇಕಾಗಿತ್ತೆ? ಅದಿರಲಿ, ಮರುಹೊಂದಿಸೋದು ಅಂದರೇನು?"

ನನಗೂ ಗೊತ್ತಿರಲಿಲ್ಲ. ಹುಡುಕಿದೆ. ಲೆಕ್ಕಪತ್ರಗಳ ಹಿಂದೆ ಸಣ್ಣಕ್ಷರದಲ್ಲಿದ್ದ ಟಿಪ್ಪಣಿಯೊಂದರಲ್ಲಿ ಅರ್ಥ ಸಿಕ್ಕಿತು: ಕಾರ್ಖಾನೆಯೊಂದನ್ನು ಮುಚ್ಚಿದ್ದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಅಲ್ಲಿ ಕೆಲಸ ಮಾಡ್ತಿದ್ದೋರು ಏನಾದರೋ" ಎಂದರು. ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಪ್ರಶ್ನೆ ಹುಟ್ಟುವುದಕ್ಕೂ ಅದರಲ್ಲಿ ಎಡೆಯಿರಲಿಲ್ಲ. ಕಾರ್ಖಾನೆ ಮುಚ್ಚಿದರೆ ಕೆಲಸಗಾರರ ನೆನಪಾಗುತ್ತದೆ. ಕಾರ್ಯಾಚರಣೆ ಮರುಹೊಂದಿದರೆ ಯಾರ ನೆನಪಾಗಬೇಕು?

ಆ ಸಂಜೆಯಿಂದೀಚೆಗೆ ಈ ಬಗೆಯ ಕಾಗದಗಳನ್ನು ನಾನು ಒಂದು ಸಾಹಿತ್ಯಪ್ರಕಾರವೆಂದೇ ಭಾವಿಸಿ ಓದುತ್ತ ಬಂದಿದ್ದೇನೆ. ವಾಚಕರು ನಗಬಾರದು. ನಾವು ಶಾಸನಗಳನ್ನು ಓದುವುದಿಲ್ಲವೆ? ಅರಸನ ದಾನ, ಬಿರುದು, ದಿಗ್ವಿಜಯ ಎಲ್ಲವನ್ನೂ ಕಲ್ಲಿನ ಮೇಲೆ ನಂಬಿಕೆಯಿಂದಲೂ ಅನುಮಾನದಿಂದಲೂ ಓದಿ, ಸ್ತುತಿ ಎಷ್ಟು, ಸಂಗತಿ ಎಷ್ಟು ಎಂದು ಬೇರ್ಪಡಿಸುವ ವಿದ್ಯೆ ನಮ್ಮದು. ಅಧ್ಯಕ್ಷರ ಕಾಗದ ನಮ್ಮ ಕಾಲದ ಶಾಸನ. ಒಂದು ವ್ಯತ್ಯಾಸವಿದೆ. ಶಾಸನವನ್ನು ಬರೆಯಿಸಿದವನು ಅರಸ, ಓದುವವನು ಪ್ರಜೆ. ಇಲ್ಲಿ ಬರೆಯುವವನು ಕೆಲಸಕ್ಕೆ ನೇಮಿಸಲ್ಪಟ್ಟವನು. ಓದುವವನು, ನ್ಯಾಯವಾಗಿ ನೋಡಿದರೆ, ಯಜಮಾನ. ನಮ್ಮ ಅಮ್ಮನೂ ಆ ಕಂಪೆನಿಯ ಒಂದು ಎಳೆಯಷ್ಟು ಭಾಗಕ್ಕೆ ಒಡತಿ.

ವಾರ್ಷಿಕ ವರದಿಯ ಅಂಕಿಗಳಿಗೆ ಲೆಕ್ಕಪರಿಶೋಧಕರ ರುಜು ಬೇಕು. ನಮ್ಮ ದೇಶದ 2013ರ ಕಂಪೆನಿಗಳ ಕಾಯಿದೆ ನಿರ್ದೇಶಕ ಮಂಡಲಿಯ ವರದಿಯಲ್ಲಿ ಏನೇನಿರಬೇಕೆಂದು ಪಟ್ಟಿ ಮಾಡಿದೆ. ಅಧ್ಯಕ್ಷರ ಕಾಗದಕ್ಕಾದರೋ ಅಂಥ ಅಚ್ಚುಕಟ್ಟಿನ ನಿಯಮವಿಲ್ಲ. ಅದು ಬರೆಯುವವರ ಸ್ವಾತಂತ್ರ್ಯಕ್ಕೆ ಬಿಟ್ಟದ್ದು. ಎಲ್ಲಿ ಸ್ವಾತಂತ್ರ್ಯವಿದೆಯೋ ಅಲ್ಲಿ ಶೈಲಿಯಿದೆ. ಎಲ್ಲಿ ಶೈಲಿಯಿದೆಯೋ ಅಲ್ಲಿ ಮನುಷ್ಯ ಸಿಕ್ಕಿಬೀಳುತ್ತಾನೆ.

ನಮ್ಮ ಹಿರಿಯರ ಕಾಗದಗಳಲ್ಲಿ ಒಂದು ಕ್ರಮವಿತ್ತು. ಮೊದಲು ಕ್ಷೇಮ ಸಮಾಚಾರ, 'ಉಭಯ ಕುಶಲೋಪರಿ'. ಆಮೇಲೆ 'ಸಾಂಪ್ರತ' ಎಂದು ಬರೆದು ಪ್ರಕೃತ ವಿಷಯಕ್ಕೆ ಇಳಿಯುವುದು. ಹಸು ಸತ್ತಿದ್ದರೂ, ಸಾಲಗಾರ ಬಾಗಿಲಿಗೆ ಬಂದಿದ್ದರೂ, ಮಗಳ ಮದುವೆ ನಿಂತುಹೋಗಿದ್ದರೂ 'ಸಾಂಪ್ರತ'ದ ಆಚೆಗೆ ಅದು ಬಂದೇ ಬರುತ್ತಿತ್ತು. ಅಧ್ಯಕ್ಷರ ಕಾಗದಗಳಲ್ಲಿ ಬಹುಪಾಲಿನ ದೋಷವನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ, ಅವು ಮೊದಲಿನಿಂದ ಕೊನೆಯವರೆಗೆ ಉಭಯ ಕುಶಲೋಪರಿಯೇ. 'ಸಾಂಪ್ರತ' ಬರುವುದೇ ಇಲ್ಲ.

ಈಗ ವ್ಯಾಕರಣಕ್ಕೆ ಬರುತ್ತೇನೆ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದು. 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂಬ ವಾಕ್ಯ ಪರೀಕ್ಷೆಯ ಪತ್ರಿಕೆಯಲ್ಲಿ ಮಾತ್ರ ಬದುಕಿದೆ. ಜಗಲಿಯ ಮೇಲೆ ಕುಳಿತವರು ಯಾರೂ ಹಾಗೆ ಕಥೆ ಹೇಳುವುದಿಲ್ಲ. ನಮ್ಮ ಕ್ರಿಯಾಪದದ ಬಾಲದಲ್ಲಿಯೇ ಮಾಡಿದವನ ಗುರುತಿದೆ. 'ಮಾಡಿದೆ' ಎಂದರೆ ನಾನು. 'ಮಾಡಿದೆವು' ಎಂದರೆ ನಾವು. ಆದುದರಿಂದ ಕರ್ತೃವನ್ನು ನುಂಗಿದ ಇಂಗ್ಲಿಷ್ ವಾಕ್ಯ ಕನ್ನಡದ ಬಾಗಿಲಿಗೆ ಬಂದೊಡನೆ, ನಮ್ಮ ಭಾಷೆ ಅಮ್ಮನ ಹಾಗೆ "ಯಾರು?" ಎಂದು ಕೇಳಿಬಿಡುತ್ತದೆ.

ಹಾಗೆಂದು ಕನ್ನಡಿಗರು ಹುಟ್ಟಾ ಸತ್ಯವಂತರೆಂದು ನಾನು ಹೇಳಲಾರೆ. ಬಚ್ಚಿಟ್ಟುಕೊಳ್ಳುವ ಮೂಲೆಗಳು ನಮ್ಮ ಭಾಷೆಯಲ್ಲೂ ಇವೆ. 'ಒಡೆ' ಎಂಬ ಧಾತುವನ್ನೇ ನೋಡಿ. ಅದು ಸಕರ್ಮಕವೂ ಹೌದು, ಅಕರ್ಮಕವೂ ಹೌದು. 'ಕೊಡ ಒಡೆದೆ' ಎನ್ನಬಹುದು. 'ಕೊಡ ಒಡೆಯಿತು' ಎಂದೂ ಎನ್ನಬಹುದು. ಬಾವಿಯ ಕಟ್ಟೆಯ ಮೇಲೆ ಕೊಡ ಬೀಳಿಸಿ ಬಂದ ಹುಡುಗ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ಯಾವ ತಾಯಿಗೂ ಹೇಳಿಕೊಡಬೇಕಾದುದಿಲ್ಲ. ಅದೇ ಹುಡುಗ ತುಂಬಿದ ಕೊಡವನ್ನು ಮನೆಗೆ ಹೊತ್ತು ತಂದ ದಿನ 'ಕೊಡ ಬಂದಿತು' ಎನ್ನುವುದಿಲ್ಲ. 'ನಾನು ತಂದೆ' ಎನ್ನುತ್ತಾನೆ.

ಕಂಪೆನಿಯ ನಾಯಕರ ಭಾಷೆಯ ಗುಟ್ಟೆಲ್ಲ ಈ ಹುಡುಗನಲ್ಲಿದೆ. ಇದು ನನ್ನ ಊಹೆಯಲ್ಲ. ಅಮೆರಿಕದಲ್ಲಿ ಬೆಟ್ಮನ್ ಮತ್ತು ವೈಟ್ಸ್ ಎಂಬ ಇಬ್ಬರು ವಿದ್ವಾಂಸರು, ವ್ಯಾಪಾರ ಚೆನ್ನಾಗಿದ್ದ 1972 ಮತ್ತು ಕೆಟ್ಟಿದ್ದ 1974, ಈ ಎರಡು ವರ್ಷಗಳಲ್ಲಿ ಷೇರುದಾರರಿಗೆ ಹೋದ ಕಾಗದಗಳನ್ನು ಪರೀಕ್ಷಿಸಿ, 1983ರಲ್ಲಿ ಒಂದು ಲೇಖನ ಪ್ರಕಟಿಸಿದರು. ಒಳ್ಳೆಯದಾದಾಗ ಕಾರಣ ಒಳಗಿನದು, ಕೆಟ್ಟದ್ದಾದಾಗ ಕಾರಣ ಹೊರಗಿನದು. ಈ ಪ್ರವೃತ್ತಿ ಅವರಿಗೆ ಎದ್ದು ಕಂಡಿತು. 2008ರಲ್ಲಿ ಫೆಂಗ್ ಲಿ ಎಂಬ ಮತ್ತೊಬ್ಬ ವಿದ್ವಾಂಸರು ವಾಕ್ಯಗಳ ಉದ್ದವನ್ನೂ ಪದಗಳ ಕ್ಲಿಷ್ಟತೆಯನ್ನೂ ಅಳೆದು, ಗಳಿಕೆ ಕಡಮೆಯಾದ ಕಂಪೆನಿಗಳ ವಾರ್ಷಿಕ ವರದಿಗಳು ಓದುವುದಕ್ಕೆ ಹೆಚ್ಚು ಕಠಿನವಾಗಿರುತ್ತವೆಂದು ತೋರಿಸಿದರು. ಅಂದರೆ ಮಂಜು ಸುಮ್ಮನೆ ಕವಿಯುವುದಿಲ್ಲ; ಕೊಳ್ಳ ಇದ್ದ ಕಡೆ ದಟ್ಟವಾಗಿ ಕವಿಯುತ್ತದೆ.

ಹೊರಗಿನ ಕಾರಣ ಹೇಳುವುದೇ ಸುಳ್ಳೆ? ಅಲ್ಲ. ಮಳೆ ಹೋಗಿ ಬೆಳೆ ಒಣಗಿದಾಗ "ಮಳೆ ಕೈಕೊಟ್ಟಿತು" ಎನ್ನುವ ರೈತ ಸತ್ಯವನ್ನೇ ಹೇಳುತ್ತಾನೆ. ಆದರೆ ಅದೇ ರೈತ ಕಣ ತುಂಬಿದ ವರ್ಷ "ಮಳೆ ಚೆನ್ನಾಗಿ ಆಯಿತು, ದೇವರು ಕಣ್ಣು ಬಿಟ್ಟ" ಎನ್ನುತ್ತಾನೆ. ಸುಗ್ಗಿಯನ್ನೂ ಬರವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾನೆ. ಕಂಪೆನಿಯ ಅಧ್ಯಕ್ಷನಿಗೆ ಬರದ ವರ್ಷ ಮಾತ್ರ ಆಕಾಶ ಕಾಣುತ್ತದೆ. ಸುಗ್ಗಿಯ ವರ್ಷ ತನ್ನ ದೂರದೃಷ್ಟಿ, ತನ್ನ ತಂಡ, ತನ್ನ ನಾಯಕತ್ವ. ಗಾಳಿ ಹಿಂದಿನಿಂದ ಬೀಸಿದಾಗ ಅದರ ಹೆಸರೆತ್ತದೆ, ಎದುರಿನಿಂದ ಬೀಸಿದಾಗ ಮಾತ್ರ ಅದನ್ನು ಸಾಕ್ಷಿಗೆ ಕರೆಯುವವನನ್ನು ಹವಾಮಾನ ಬಲ್ಲವನೆಂದು ನಾವು ಒಪ್ಪಬೇಕಾಗಿಲ್ಲ.

ಇನ್ನು ಅಲಂಕಾರ. ನಮ್ಮ ಲಾಕ್ಷಣಿಕರು ಅಪಹ್ನುತಿ ಎಂಬ ಒಂದು ಅಲಂಕಾರವನ್ನು ಹೇಳಿದ್ದಾರೆ: ಇರುವ ವಸ್ತುವನ್ನು ಅಲ್ಲವೆಂದು ನಿಷೇಧಿಸಿ, ಅದರ ಸ್ಥಾನದಲ್ಲಿ ಮತ್ತೊಂದನ್ನು ಸ್ಥಾಪಿಸುವುದು. ಇದು ಮುಖವಲ್ಲ, ಚಂದ್ರ ಎನ್ನುವ ಹಾಗೆ. ಕಾವ್ಯದಲ್ಲಿ ಅದು ಸೊಗಸು. ಏಕೆಂದರೆ ಮುಖ ಮುಖವೇ ಎಂದು ಕವಿಗೂ ಗೊತ್ತು, ರಸಿಕನಿಗೂ ಗೊತ್ತು. ಇದು ನಷ್ಟವಲ್ಲ, ನಾಳೆಗಾಗಿ ಹೂಡಿಕೆ. ಇದು ಕೆಲಸದಿಂದ ತೆಗೆಯುವುದಲ್ಲ, ಗಾತ್ರವನ್ನು ಸರಿಪಡಿಸುವುದು. ಇದು ಇಳಿತವಲ್ಲ, ಋಣಾತ್ಮಕ ಬೆಳವಣಿಗೆ. ಇವೂ ಅಪಹ್ನುತಿಗಳೇ. ಓದುವವನಿಗೆ ಮುಖ ಕಾಣಿಸಕೂಡದೆಂಬುದೇ ಇಲ್ಲಿ ಕವಿಯ ಉದ್ದೇಶ.

ಯಾರಾದರೂ ಕೇಳಬಹುದು: ನಮ್ಮ ಮನೆಗಳಲ್ಲಿ ಮಂಗಳಭಾಷೆ ಇಲ್ಲವೆ? ಇದೆ. ಹೊರಟವನು 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತಾನೆ. ಮುತ್ತೈದೆಯ ಬಳೆ ಒಡೆದರೆ 'ಬಳೆ ಹೆಚ್ಚಿತು' ಎನ್ನುತ್ತಾರೆ. ಕಡಮೆಯಾದುದನ್ನು ಹೆಚ್ಚಿತೆನ್ನುವ ಈ ಪದ್ಧತಿಗೂ ಋಣಾತ್ಮಕ ಬೆಳವಣಿಗೆಗೂ ಮೇಲುನೋಟಕ್ಕೆ ಏನು ಭೇದ? ನನ್ನ ಮಟ್ಟಿಗೆ ಭೇದ ಸ್ಪಷ್ಟವಾಗಿದೆ. 'ಬಳೆ ಹೆಚ್ಚಿತು' ಎಂದಾಗ ಹೇಳಿದವಳಿಗೂ ಕೇಳಿದವಳಿಗೂ ಬಳೆ ಒಡೆದದ್ದು ಗೊತ್ತು. ಚೂರುಗಳನ್ನು ಗುಡಿಸುವುದಕ್ಕೆ ಇಬ್ಬರೂ ಏಳುತ್ತಾರೆ. ಇಬ್ಬರಿಗೂ ಗೊತ್ತಿರುವುದನ್ನು ಮೆಲ್ಲಗೆ ಹೇಳುವುದು ಮರ್ಯಾದೆ. ಒಬ್ಬನಿಗೆ ಗೊತ್ತಿಲ್ಲದ್ದನ್ನು ಅವನಿಗೆ ಗೊತ್ತಾಗದ ಹಾಗೆ ಹೇಳುವುದು ಮೋಸ. ಮಾತು ಒಂದೇ ಇರಬಹುದು. ಗುಡಿಸುವ ಕೆಲಸ ಯಾರ ಪಾಲಿಗೆ ಬೀಳುತ್ತದೆ ಎಂಬುದೇ ಪರೀಕ್ಷೆ.

ಇದೆಲ್ಲ ಬರಿಯ ಶೈಲಿಯ ಚರ್ಚೆಯಾಗಿದ್ದರೆ ಭಾನುವಾರದ ಬೆಳಗಿನಲ್ಲಿ ವಾಚಕರ ಸಮಯವನ್ನು ನಾನು ತೆಗೆದುಕೊಳ್ಳುತ್ತಿರಲಿಲ್ಲ. ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಮೊದಲನೆಯದು ಅಮೆರಿಕದ ಎನ್ರಾನ್. 2000ನೆಯ ವರ್ಷದ ವರದಿಯಲ್ಲಿ ಅದರ ಇಬ್ಬರು ಮುಖ್ಯಸ್ಥರು, ಕೆನೆತ್ ಲೇ ಮತ್ತು ಜೆಫ್ರಿ ಸ್ಕಿಲಿಂಗ್, ಷೇರುದಾರರಿಗೆ ಬರೆದ ಕಾಗದ, ಯಾವ ಅಳತೆಗೋಲಿನಿಂದ ನೋಡಿದರೂ ಆ ವರ್ಷ ಗೆಲುವೇ ಎಂಬ ಅರ್ಥದ ಮಾತಿನಿಂದ ಆರಂಭವಾಗುತ್ತದೆ. ಅದೇ ವರದಿಯಲ್ಲಿ ಕಂಪೆನಿಯ ಮೌಲ್ಯಗಳ ಪಟ್ಟಿಯಿತ್ತು: ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ. ಒಂದು ವರ್ಷ ತುಂಬುವುದರೊಳಗೆ, 2001ರ ಡಿಸೆಂಬರ್ 2ರಂದು, ಎನ್ರಾನ್ ದಿವಾಳಿಯ ಅರ್ಜಿ ಹಾಕಿತು. ಸಾಲವನ್ನು ಲೆಕ್ಕದ ಪುಸ್ತಕದ ಹೊರಗೆ ಬಚ್ಚಿಟ್ಟದ್ದು ಬಯಲಾಯಿತು. ಕೆಲಸಗಾರರಲ್ಲಿ ಅನೇಕರು ತಮ್ಮ ಮುಪ್ಪಿನ ಉಳಿತಾಯವನ್ನು ಅದೇ ಕಂಪೆನಿಯ ಷೇರುಗಳಲ್ಲಿಟ್ಟಿದ್ದರು. ಕಾಗದವನ್ನು ನಂಬಿದವರಲ್ಲಿ ಅವರೂ ಇದ್ದರು.

ಎರಡನೆಯದು ನಮ್ಮ ನೆರೆಯ ಹೈದರಾಬಾದಿನದು. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಸರ್ವಿಸಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಲಿಗೆ ಒಂದು ಕಾಗದ ಬರೆದರು. ಅದರ ಪ್ರತಿ ಷೇರುಪೇಟೆಗಳಿಗೂ ಹೋದುದರಿಂದ ಅಂದೇ ಅದನ್ನು ಷೇರುದಾರರೆಲ್ಲ ಓದಿದರು. ಬ್ಯಾಂಕಿನಲ್ಲಿದೆಯೆಂದು ಲೆಕ್ಕದಲ್ಲಿ ತೋರಿಸಿದ್ದ ಹಣದಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲವೆಂಬುದು ಆ ಕಾಗದದ 'ಸಾಂಪ್ರತ'. ಅಂದೇ ಷೇರಿನ ಬೆಲೆ ಮುಕ್ಕಾಲು ಪಾಲಿಗೂ ಮಿಗಿಲಾಗಿ ಕುಸಿಯಿತು. ಅದರ ಹಿಂದಿನ ವರ್ಷವಷ್ಟೇ ಉತ್ತಮ ಆಡಳಿತಕ್ಕಾಗಿ ಆ ಕಂಪೆನಿಗೆ ಬಹುಮಾನ ಬಂದಿತ್ತು. ಕಂಪೆನಿಯ ಹೆಸರಿನ ಮೇಲೆ ಶ್ಲೇಷೆ ಮಾಡುವ ಅಗತ್ಯ ನನಗಿಲ್ಲ. ಕಾಲವೇ ಅದನ್ನು ಮಾಡಿದೆ.

ಆ ಕಾಗದವನ್ನು ನಾನು ಹಲವು ಸಲ ಓದಿದ್ದೇನೆ. ತಪ್ಪೊಪ್ಪಿಗೆಯ ಕಾಗದವೆಂದೇ ಅದು ಪ್ರಸಿದ್ಧವಾಗಿದೆ. ಆರಂಭದಲ್ಲಿ ವಿಷಾದವಿದೆ, ಅಂತಃಸಾಕ್ಷಿಯ ಭಾರವಿದೆ. ಕೊನೆಯಲ್ಲಿ ಕಾನೂನಿಗೆ ತಲೆಬಾಗುವೆನೆಂಬ ಮಾತೂ ಇದೆ. ಆದರೆ ನಡುವೆ, ತಪ್ಪನ್ನು ಬಣ್ಣಿಸುವ ಕಡೆ, ವಾಕ್ಯಗಳ ಕರ್ತೃಸ್ಥಾನದಲ್ಲಿ ಯಾರು ಕುಳಿತಿದ್ದಾರೆಂದು ನೋಡಿ. ನಿಜವಾದ ಲಾಭಕ್ಕೂ ಪುಸ್ತಕದ ಲಾಭಕ್ಕೂ ನಡುವಣ ಒಂದು 'ಅಂತರ'! ಆ ಅಂತರ ಸಣ್ಣದಾಗಿ ಆರಂಭವಾಯಿತಂತೆ, ವರ್ಷ ವರ್ಷ ಬೆಳೆಯಿತಂತೆ, ಕೈಮೀರಿತಂತೆ. ಅದನ್ನು ಮುಚ್ಚಲು ನಡೆದ ಪ್ರಯತ್ನಗಳೆಲ್ಲ ವಿಫಲವಾದುವಂತೆ. ಹೊಲದ ಬದಿಯಲ್ಲಿ ತಾನಾಗಿ ಹುಟ್ಟಿದ ಗಿಡದ ಹಾಗೆ ಅಂತರ ಹುಟ್ಟಿತು, ಬೆಳೆಯಿತು. ಬಿತ್ತಿದವನಿಲ್ಲ, ನೀರೆರೆದವನಿಲ್ಲ. ಆಮೇಲೆ ಹುಲಿ ಬರುತ್ತದೆ: ಹುಲಿಯ ಮೇಲೆ ಸವಾರಿ ಮಾಡುತ್ತಿದ್ದಂತಿತ್ತು, ಅದರ ಬಾಯಿಗೆ ಬೀಳದೆ ಇಳಿಯುವ ಬಗೆ ತಿಳಿಯಲಿಲ್ಲ ಎಂಬರ್ಥದ ಉಪಮೆ. ಉಪಮೆ ಬಲವಾಗಿದೆ. ಆದರೆ ಉಪಮೆಯ ಬಲದಲ್ಲಿ ಒಂದು ಸಂಗತಿ ಮರೆಯಾಗುತ್ತದೆ: ಹುಲಿ ಯಾರನ್ನೂ ತಾನಾಗಿ ಬೆನ್ನಿಗೇರಿಸಿಕೊಳ್ಳುವುದಿಲ್ಲ, ಹತ್ತಿದವನು ಹತ್ತಬೇಕು. ಎಲ್ಲವನ್ನೂ ಒಪ್ಪಿಕೊಳ್ಳಲು ಕುಳಿತವನ ಲೇಖನಿಗೂ 'ಕೊಡ ಒಡೆದೆ' ಎಂಬ ಎರಡು ಪದ ಬರೆಯುವುದು ಇಷ್ಟು ಕಷ್ಟವೆಂದರೆ, ರೂಢಿಯ ಬಲ ಎಷ್ಟೆಂದು ಊಹಿಸಬಹುದು. ವರ್ಷಗಟ್ಟಲೆ ಕರ್ತೃವಿಲ್ಲದೆ ಬರೆದವನಿಗೆ ಕೊನೆಗೆ ಕರ್ತೃ ಬೇಕೆಂದಾಗ ಸಿಗುವುದಿಲ್ಲ.

ಬೇರೆ ದಾರಿಯೇ ಇಲ್ಲವೆ? ಇದೆಯೆಂದು ತೋರಿಸಿದವರಿದ್ದಾರೆ. ಬರ್ಕ್‌ಷೈರ್ ಹ್ಯಾಥವೇ ಕಂಪೆನಿಯ ವಾರನ್ ಬಫೆಟ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಷೇರುದಾರರಿಗೆ ಕಾಗದ ಬರೆದರು. ವಾರ್ಷಿಕ ಕಾಗದ ಬರೆಯುವುದನ್ನು ಇನ್ನು ನಿಲ್ಲಿಸುವುದಾಗಿ 2025ರ ನವೆಂಬರ್‌ನಲ್ಲಿ ತಿಳಿಸಿದರು. 1989ರ ಕಾಗದದಲ್ಲಿ ಅವರು ತಮ್ಮ ಮೊದಲ ಇಪ್ಪತ್ತೈದು ವರ್ಷಗಳ ತಪ್ಪುಗಳ ಪಟ್ಟಿಯನ್ನೇ ಕೊಟ್ಟರು. ಅದರಲ್ಲಿ ಮೊದಲನೆಯ ತಪ್ಪು, ಆ ಕಂಪೆನಿಯನ್ನು ಕೊಂಡದ್ದೇ! 1993ರಲ್ಲಿ ಅವರು ಡೆಕ್ಸ್‌ಟರ್ ಎಂಬ ಪಾದರಕ್ಷೆಯ ಕಂಪೆನಿಯನ್ನು, ಹಣದ ಬದಲು ತಮ್ಮ ಕಂಪೆನಿಯ ಷೇರುಗಳನ್ನೇ ಕೊಟ್ಟು, ಕೊಂಡಿದ್ದರು. ಅದು ಮುಳುಗಿತು. 2007ರ ಕಾಗದದಲ್ಲಿ, ತಾನು ಮಾಡಿದ ವ್ಯಾಪಾರಗಳಲ್ಲೆಲ್ಲ ಅತ್ಯಂತ ಕೆಟ್ಟದ್ದು ಅದೇ ಎಂದು ಬರೆದರು. 2025ರ ಆರಂಭದ ಕಾಗದದಲ್ಲಿ ಒಂದು ಲೆಕ್ಕವಿದೆ: 2019ರಿಂದ 2023ರವರೆಗಿನ ತಮ್ಮ ಕಾಗದಗಳಲ್ಲಿ 'ತಪ್ಪು' ಎಂಬ ಅರ್ಥದ ಪದಗಳನ್ನು 16 ಸಲ ಬಳಸಿರುವುದಾಗಿಯೂ, ಅದೇ ಅವಧಿಯಲ್ಲಿ ಅನೇಕ ದೊಡ್ಡ ಕಂಪೆನಿಗಳು ಆ ಪದವನ್ನು ಒಮ್ಮೆಯೂ ಬಳಸಿಲ್ಲವೆಂದೂ ಅವರು ಹೇಳುತ್ತಾರೆ.

ಅವರ ಗುಟ್ಟೇನು? ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ 1998ರಲ್ಲಿ ಸರಳ ಇಂಗ್ಲಿಷಿನ ಒಂದು ಕೈಪಿಡಿಯನ್ನು ಹೊರತಂದಾಗ, ಅದಕ್ಕೆ ಬರೆದ ಮುನ್ನುಡಿಯಲ್ಲಿ ಬಫೆಟ್ ಅದನ್ನು ಬಿಚ್ಚಿ ಹೇಳಿದ್ದಾರೆ. ಕಾಗದ ಬರೆಯುವಾಗ ಅವರು ತಮ್ಮ ಇಬ್ಬರು ಸಹೋದರಿಯರಿಗೆ ಬರೆಯುತ್ತಿರುವುದಾಗಿ ಭಾವಿಸುತ್ತಿದ್ದರು. ಅವರು ಬುದ್ಧಿವಂತೆಯರು, ಆದರೆ ಲೆಕ್ಕಶಾಸ್ತ್ರ ಬಲ್ಲವರಲ್ಲ. ಇಷ್ಟೇ. ನಮ್ಮ ಕಂಪೆನಿಯ ಅಧ್ಯಕ್ಷರು ಹಬ್ಬದ ದುಡ್ಡಿಗಾಗಿ ಕಾಯುವ ಒಬ್ಬ ಮುದುಕಿಯನ್ನು ಎದುರಿಗೆ ಕೂರಿಸಿಕೊಂಡು ಬರೆದಿದ್ದರೆ, ನಾಲ್ಕು ಪುಟ ನಾಲ್ಕು ಸಾಲಾಗುತ್ತಿತ್ತು. ಆ ನಾಲ್ಕು ಸಾಲಿನಲ್ಲಿ ಕಾರ್ಖಾನೆಯ ಕೆಲಸಗಾರರಿಗೂ ಒಂದು ಸಾಲು ಸಿಗುತ್ತಿತ್ತು.

ಅಮೆಜಾನ್ ಕಂಪೆನಿಯ ಜೆಫ್ ಬೆಜೋಸ್ 2000ನೆಯ ವರ್ಷದ ಕುರಿತು ಬರೆದ ಕಾಗದದ ಮೊದಲ ಪದವೇ ಪೆಟ್ಟು ಬಿದ್ದವನ ಉದ್ಗಾರ, ನಮ್ಮ 'ಅಯ್ಯೋ' ಎನ್ನುವ ಹಾಗೆ. ಹಿಂದಿನ ಕಾಗದದಿಂದೀಚೆಗೆ ಷೇರಿನ ಬೆಲೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಇಳಿದಿದೆಯೆಂಬುದನ್ನು ಮುಂದಿನ ಸಾಲುಗಳಲ್ಲೇ ಹೇಳುತ್ತಾರೆ. ಅಷ್ಟಾದ ಮೇಲೆ, ಕಂಪೆನಿ ಹಿಂದಿಗಿಂತ ಗಟ್ಟಿಯಾಗಿದೆಯೆಂಬ ವಾದವನ್ನೂ ಮಂಡಿಸುತ್ತಾರೆ. ಒಪ್ಪುವುದು ಬಿಡುವುದು ಓದುವವನಿಗೆ ಸೇರಿದ್ದು. ಪೆಟ್ಟನ್ನು ಮೊದಲು ತೋರಿಸಿದವನಿಗೆ ವಾದಿಸುವ ಹಕ್ಕಿದೆ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಕೂಡ ತನ್ನ ಆಡಳಿತದ ತತ್ತ್ವಗಳಲ್ಲಿ, ಸಂದೇಹ ಬಂದಾಗ ಬಹಿರಂಗಪಡಿಸು ಎಂಬ ಸೂತ್ರವನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿತು. ಯಾವ ಸಂಸ್ಥೆ ತನ್ನ ಸೂತ್ರಕ್ಕೆ ಎಷ್ಟು ನಡೆದುಕೊಂಡಿತೆಂಬುದನ್ನು ವರ್ಷ ವರ್ಷವೂ ನೋಡುತ್ತಿರಬೇಕು. ಎನ್ರಾನಿನ ಮೌಲ್ಯಗಳ ಪಟ್ಟಿಯನ್ನು ಕಂಡವರು ಸೂತ್ರಗಳಿಗೆ ಮರುಳಾಗಲಾರರು. ಆದರೂ ಸೂತ್ರ ಸರಿಯಾದದ್ದು.

ನನ್ನ ಸ್ನೇಹಿತರೊಬ್ಬರು ವಾಣಿಜ್ಯ ವಿಭಾಗದವರು. ಅವರ ಆಕ್ಷೇಪವನ್ನು ಮುಚ್ಚಿಡಬಾರದು. "ನಿಮಗೇನು, ಕಾಗುಣಿತ ತಪ್ಪಿದರೆ ಅಂಕ ಹೋಗುತ್ತದೆ. ಅಲ್ಲಿ ಒಂದು ಪದ ತಪ್ಪಿದರೆ ಷೇರು ಬೀಳುತ್ತದೆ, ಮೊಕದ್ದಮೆ ಬೀಳುತ್ತದೆ. ಆ ಕಾಗದವನ್ನು ವಕೀಲರು ಹತ್ತು ಸಲ ಜರಡಿ ಹಿಡಿದಿರುತ್ತಾರೆ. ಅದು ಒಬ್ಬ ಮನುಷ್ಯ ಬರೆದ ಕಾಗದವೇ ಅಲ್ಲ" ಎಂದರು. ಮಾತಿನಲ್ಲಿ ಹುರುಳಿದೆ. ಆದರೆ ಒಬ್ಬ ಮನುಷ್ಯ ಬರೆದದ್ದಲ್ಲದಿದ್ದರೆ ಕೆಳಗೆ ಒಬ್ಬ ಮನುಷ್ಯನ ರುಜು ಏಕೆ? ಪಕ್ಕದಲ್ಲಿ ಅವನ ನಗುವ ಭಾವಚಿತ್ರವೇಕೆ? ನಗುವುದಕ್ಕೆ ಮುಖವಿದ್ದವನಿಗೆ ತಪ್ಪಾಯಿತೆನ್ನುವುದಕ್ಕೂ ಮುಖವಿರಬೇಕು. ಇನ್ನು ಬೆಲೆ ಬೀಳುವ ಮಾತು. ಬೀಳಬೇಕಾದ ಬೆಲೆ ಎಂದಾದರೂ ಬೀಳುತ್ತದೆ. ಮೊದಲೇ ಹೇಳಿದರೆ ಎಲ್ಲರೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಮುಚ್ಚಿಟ್ಟರೆ, ಒಳಗಿನ ಮಾತು ಬಲ್ಲವರು ಮಾರಿ ಹೊರಟುಹೋದ ಮೇಲೆ, ಕಾಗದವನ್ನು ನಂಬಿದವರು ಮಾತ್ರ ಕಳೆದುಕೊಳ್ಳುತ್ತಾರೆ.

ಸರಳವಾಗಿ ಬರೆದುಬಿಟ್ಟರೆ ಸಾಕೆಂದು ನಾನು ಹೇಳುತ್ತಿಲ್ಲ. ಸರಳತೆಯನ್ನೂ ವೇಷವಾಗಿ ತೊಡಬಹುದು. ಅಜ್ಜಿಯ ಗಾದೆಗಳನ್ನು ಪೋಣಿಸಿಯೂ ಸುಳ್ಳು ಹೇಳಬಹುದು. 'ತಪ್ಪಾಯಿತು' ಎಂಬ ನಮ್ಮ ನಿತ್ಯದ ಮಾತಿನಲ್ಲಿ ಕೂಡ ಕರ್ತೃವಿಲ್ಲ. ಆದರೆ ಹಾಗೆಂದವನು ಎದುರಿಗೆ ತಲೆತಗ್ಗಿಸಿ ನಿಂತಿರುತ್ತಾನೆ. ವಾಕ್ಯದಲ್ಲಿ ಇಲ್ಲದ ಕರ್ತೃ ಅಂಗಳದಲ್ಲಿ ಇದ್ದಾನೆ. ಕಾಗದಕ್ಕೆ ಅಂಗಳವಿಲ್ಲ. ಅಲ್ಲಿ ಕರ್ತೃ ವಾಕ್ಯದಲ್ಲಿ ನಿಲ್ಲದಿದ್ದರೆ ಮತ್ತೆಲ್ಲಿಯೂ ನಿಲ್ಲಲಾರ. ಆದುದರಿಂದ ನಾನು ಕೇಳುವುದು ಬಹಳ ಸಣ್ಣದು: ಲಾಭದ ವಾಕ್ಯದಲ್ಲಿ ಯಾವ ಕರ್ತೃವಿದ್ದಾನೋ ನಷ್ಟದ ವಾಕ್ಯದಲ್ಲಿಯೂ ಅವನೇ ಇರಲಿ. ಸುಗ್ಗಿಗೆ 'ನಾವು' ಎಂದರೆ ಬರಕ್ಕೂ 'ನಾವು'. ಬರಕ್ಕೆ ಮಳೆಯೆಂದರೆ ಸುಗ್ಗಿಗೂ ಮಳೆ.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನೂ ಅಧ್ಯಕ್ಷರ ಸಾಲಿಗೇ ಸೇರುತ್ತಿದ್ದೆ. ನಮ್ಮ ಕಾಲೇಜಿನ ಕನ್ನಡ ಸಂಘಕ್ಕೆ ನಾನು ಕೆಲವು ವರ್ಷಗಳಿಂದ ಅಧ್ಯಕ್ಷ. ವಿದ್ಯಾರ್ಥಿಗಳು ವರ್ಷದ ಆರಂಭದಲ್ಲಿ ಸಣ್ಣ ಚಂದಾ ಕೊಡುತ್ತಾರೆ. ವರ್ಷದ ಕೊನೆಗೆ ನಾನು ವರದಿ ಬರೆಯುತ್ತೇನೆ. ಲೆಕ್ಕ ನೋಡಿದರೆ ಅವರು ನನ್ನ ಷೇರುದಾರರು. ಈ ಲೇಖನಕ್ಕಾಗಿ ಹಳೆಯ ವರದಿಗಳನ್ನು ತೆಗೆದು ನೋಡಿದೆ. ಕವಿಗೋಷ್ಠಿ ಯಶಸ್ವಿಯಾದ ವರ್ಷ 'ಏರ್ಪಡಿಸಿದೆವು' ಎಂದಿದೆ. ಮಾಸಪತ್ರಿಕೆ ನಿಂತುಹೋದ ವರ್ಷ 'ಕಾರಣಾಂತರಗಳಿಂದ ಪತ್ರಿಕೆಯನ್ನು ಹೊರತರಲಾಗಲಿಲ್ಲ' ಎಂದಿದೆ. ಕಾರಣಾಂತರ! ಕನ್ನಡದಲ್ಲಿ ಇದಕ್ಕಿಂತ ಆಳವಾದ ಬಾವಿ ಮತ್ತೊಂದಿಲ್ಲ. ನಮ್ಮ ಸಭೆಗಳ, ಸಂಘಗಳ, ಕಚೇರಿಗಳ ಕೊಡಗಳೆಲ್ಲ ಅದರಲ್ಲಿ ಬಿದ್ದಿವೆ. ನಿಜವಾದ ಕಾರಣ ನನಗೆ ನೆನಪಿದೆ. ಹುಡುಗರು ಬರೆದು ಕೊಟ್ಟ ಲೇಖನಗಳ ಕಟ್ಟು ಎರಡು ತಿಂಗಳು ನನ್ನ ಮೇಜಿನ ಮೇಲೆಯೇ ಇತ್ತು, ನಾನು ತಿದ್ದಲಿಲ್ಲ. ಆ ವರ್ಷ ಮೊದಲ ಕಥೆ ಬರೆದು ಕೊಟ್ಟಿದ್ದ ಹುಡುಗಿಯೊಬ್ಬಳು ಮತ್ತೆ ಕಥೆ ತಂದು ಕೊಡಲಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಕಂಪೆನಿಗಳಿಗೇ ಹೋಗುವವರು. ಮೇಲಿನವರ ಹೆಸರಿನಲ್ಲಿ ಇಂಥ ಕಾಗದಗಳ ಕರಡು ತಯಾರಿಸುವ ಕೆಲಸ ಅವರ ಪಾಲಿಗೇ ಬರುತ್ತದೆ. ಕನ್ನಡ ತರಗತಿಯಿಂದ ಅವರಿಗೇನು ಪ್ರಯೋಜನವೆಂದು ಕೇಳುವವರುಂಟು. ಕರ್ತೃವನ್ನು ಗುರುತಿಸುವ ಅಭ್ಯಾಸವಾದರೂ ಇಲ್ಲಿಂದ ಅವರ ಸಂಗಡ ಹೋದರೆ ಸಾಕೆಂದು ನಾನು ತಿಳಿದಿದ್ದೇನೆ. ಆದರೆ ಮೊದಲು ಅದನ್ನು ನಾವು ಮಾಡಿ ತೋರಿಸಬೇಕು.

ಈ ತಿಂಗಳು ಸಂಘದ ವರದಿ ಬರೆಯುವ ಹೊತ್ತು ಮತ್ತೆ ಬಂದಿದೆ. ಈ ಸಲ ಜನಪದ ಗೀತೆಗಳ ಸಂಗ್ರಹಕ್ಕೆಂದು ಗೊತ್ತುಮಾಡಿದ್ದ ಪ್ರವಾಸ ನಡೆಯಲಿಲ್ಲ. ಕರಡಿನಲ್ಲಿ ಕೈ ರೂಢಿಯಂತೆ ಹೋಗಿ 'ಕಾರಣಾಂತ' ಎಂದು ಬರೆದಿತ್ತು. ಅದನ್ನು ಹೊಡೆದುಹಾಕಿ, 'ಬಸ್ಸಿಗೆ ಮುಂಗಡ ಕೊಡುವುದನ್ನು ನಾನು ಮರೆತೆ' ಎಂದು ಬರೆದಿದ್ದೇನೆ. ಸಂಘದ ಸಭೆಯಲ್ಲಿ ಇದನ್ನು ಓದಿದಾಗ ಹುಡುಗರು ನಗುತ್ತಾರೆ. ನಗಲಿ, ಚಂದಾ ಅವರದು.